2 ಆದ ಮೇಲೆ 4

ಶನಿವಾರ ರಾತ್ರಿಯಿಂದ ಎರಡು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಇಲ್ಲಿ ಅಮೆರಿಕದ ಮಿನೆಸೋಟದಲ್ಲಿ ಗೆಳೆಯರ ಮನೆಯ ಊಟ. ಅವರ ಮಗಳಿಗೆ ಶಾಲೆಯಲ್ಲಿ ಲಿಂಕನ್ ಬಗ್ಗೆ ಬರೆಯಲು ಕೊಟ್ಟಿದ್ದರು. ಎದುರಿಗೆ ಕೂತಿದ್ದ ಹಿರಿಯರು, "ಲಿಂಕನ್ನಾ? ಒಂದೇ ದಿನ 38 ಜನರನ್ನು ನೇಣಿಗೆ ಹಾಕಿಸಿದವನು" ಎಂದರು. ಪಕ್ಕದವರು ತಕ್ಷಣ, "303 ಜನರಲ್ಲಿ 38 ಅಲ್ವಾ? ಉಳಿಸಿದ್ದೇ ಜಾಸ್ತಿ" ಎಂದರು. ಅಷ್ಟೇ. ಸಾರು ಬಂತು. ಮಾತು ಮನೆ ಸಾಲದ ಬಡ್ಡಿಗೆ ಹೋಯಿತು.

ಇಬ್ಬರೂ ಒಳ್ಳೆಯವರೇ. ನಾನು ಇಲ್ಲಿಗೆ ಹೊಸದಾಗಿ ಬಂದಾಗ ಬಾಡಿಗೆ ಮನೆ ಹುಡುಕಿಕೊಟ್ಟವರು ಆ ಹಿರಿಯರು. ಆದರೂ ಅಷ್ಟು ಸಲೀಸಾಗಿ ಲೆಕ್ಕ ಮುಗಿಸಿಬಿಟ್ಟದ್ದು ನನಗೆ ಸಹಿಸಲಾಗಲಿಲ್ಲ. ಹುಡುಗಿ ತಟ್ಟೆ ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

ಮನೆಗೆ ಬಂದವನೇ ಲಿಂಕನ್ನರ ಸಮಗ್ರ ಬರಹಗಳ 5ನೇ ಸಂಪುಟ ತೆರೆದೆ. 1953ರಲ್ಲಿ ಅಚ್ಚಾದದ್ದು. ಮಿಶಿಗನ್ ವಿಶ್ವವಿದ್ಯಾಲಯ ಅದನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಓದಲು ಇಟ್ಟಿದೆ.

1862ರ ಆಗಸ್ಟ್. ಭೂಮಿ ಬಿಟ್ಟುಕೊಟ್ಟ ಇಲ್ಲಿನ ಮೂಲನಿವಾಸಿ ಡಕೋಟ ಜನರಿಗೆ ಸರ್ಕಾರದಿಂದ ಬರಬೇಕಾದ ಹಣ ಬಂದಿರಲಿಲ್ಲ. ಹಸಿವು. ಯುದ್ಧ ಶುರುವಾಯಿತು. ನೂರಾರು ಬಿಳಿಯ ವಲಸಿಗರು ಸತ್ತರು, ಮಕ್ಕಳೂ ಸತ್ತರು. ಆಮೇಲೆ ಅಮೆರಿಕದ ಸೇನೆಯೇ ವಿಚಾರಣೆ ನಡೆಸಿ ಸೆರೆಸಿಕ್ಕ 303 ಜನರಿಗೆ ಮರಣದಂಡನೆ ಕೊಟ್ಟಿತು. ಆರೋಪಿಗಳಿಗೆ ವಕೀಲರಿಲ್ಲ. ಕೆಲವು ವಿಚಾರಣೆ ಕೆಲವೇ ನಿಮಿಷಗಳಲ್ಲಿ ಮುಗಿದವು. ಆಗ ಅಧ್ಯಕ್ಷರಾಗಿದ್ದ ಲಿಂಕನ್ನರಿಗೆ ಜನರಲ್ ಜಾನ್ ಪೋಪ್ ಬರೀ ಹೆಸರುಗಳನ್ನು ತಂತಿಯಲ್ಲಿ ಕಳಿಸಿದ. ಪೂರ್ತಿ ದಾಖಲೆ ಕಳಿಸಿ ಎಂದು ನವೆಂಬರ್ 10ರಂದು ಲಿಂಕನ್ ಕೇಳಿದರು.

ಡಿಸೆಂಬರ್ 6ರ ಆದೇಶ ಲಿಂಕನ್ ತಮ್ಮ ಕೈಯಲ್ಲೇ ಬರೆದದ್ದು. ಬರೀ ಒಂದು ಪಟ್ಟಿ. ನೇಣಿಗೆ ಹಾಕಬೇಕಾದ 39 ಹೆಸರು. (ಕೊನೆಗೆ ಒಬ್ಬನನ್ನು ತಡೆದರು.) ಬಾಯಿಗೆ ಬಾರದ ಹೆಸರುಗಳು. ಉಚ್ಚಾರ ಉಚ್ಚಾರ ಬಿಡಿಸಿ, ನಡುವೆ ಗೆರೆ ಹಾಕಿ ಬರೆದಿದ್ದಾರೆ: ಟೆ-ಹೆ-ಹ್ಡೊ-ನೆ-ಚಾ. ತಪ್ಪಾಗಬಾರದು ಎಂದು ಪ್ರತಿ ಹೆಸರಿನ ಪಕ್ಕ ದಾಖಲೆಯ ನಂಬರ್. ಮೊದಲನೆಯವನ ನಂಬರ್ 2. ಎರಡನೆಯವನು ಟಾಜೂ, ನಂಬರ್ 4.

ಮೊದಲ ಸಲ ಸುಮ್ನೆ ಓದಿಕೊಂಡು ಹೋದೆ. ಎರಡನೇ ಸಲ ಅಲ್ಲೇ ನಿಂತೆ. 2 ಆದ ಮೇಲೆ 4.

1ನೇ ನಂಬರಿನವನ ಶಿಕ್ಷೆ ಹತ್ತು ವರ್ಷದ ಸೆರೆಗೆ ಇಳಿಯಿತು. 3ನೇ ನಂಬರಿನವನನ್ನು ಚಾಸ್ಕಾ ಎಂದು ಕರೆಯುತ್ತಿದ್ದರು. ಡಕೋಟ ಮನೆಗಳಲ್ಲಿ ಮೊದಲು ಹುಟ್ಟಿದ ಗಂಡುಮಗುವಿಗೆ ಇಡುವ ಹೆಸರು ಅದು. ಹಾಗಾಗಿ ಊರ ತುಂಬ ಚಾಸ್ಕಾಗಳು. ಯುದ್ಧದಲ್ಲಿ ಸಾರಾ ವೇಕ್‌ಫೀಲ್ಡ್ ಎಂಬ ಬಿಳಿಯ ಹೆಂಗಸನ್ನೂ ಅವಳ ಇಬ್ಬರು ಮಕ್ಕಳನ್ನೂ ಕಾಪಾಡಿದವನು ಇವನು. ಸಾರಾ ವಿಚಾರಣೆಯಲ್ಲಿ ಅವನ ಪರ ಸಾಕ್ಷಿ ಹೇಳಿದಳು. ಲಿಂಕನ್ ಅವನ ಹೆಸರು ಬರೆಯಲಿಲ್ಲ.

ಡಿಸೆಂಬರ್ 26ರಂದು ಮಿನೆಸೋಟದ ಮಂಕೇಟೊದಲ್ಲಿ ಅವನನ್ನೂ ನೇಣಿಗೆ ಹಾಕಿದರು. ಪಟ್ಟಿಯಲ್ಲಿ 121ನೇ ನಂಬರಿನ ಚಾಸ್ಕೆ-ಡಾನ್ ಎಂಬವನಿದ್ದ. ಹೆಸರಿನ ಗೊಂದಲ ಆಯಿತು ಎಂದರು. ಸಾರಾ ಅದನ್ನು ನಂಬಲಿಲ್ಲ. ನನಗೂ ನಂಬಲು ಕಷ್ಟ. ನಂಬರ್ ಹಾಕಿದ್ದು ಮತ್ತೆ ಯಾತಕ್ಕೆ?

ಊಟದ ಮನೆಯ ಎರಡು ಮಾತನ್ನೂ ಮತ್ತೆ ಮತ್ತೆ ಹೇಳಿಕೊಂಡೆ. ಹಾಕಿಸಿದ 38ರಲ್ಲಿ ಲಿಂಕನ್ ಹಾಕಿಸದ ಒಬ್ಬನಿದ್ದಾನೆ. ಉಳಿಸಿದವರಲ್ಲಿ ಉಳಿಯದ ಒಬ್ಬನಿದ್ದಾನೆ, ಅದೇ ಮನುಷ್ಯ. ಬೇರೆಯವರೂ ಎಷ್ಟೋ ಜನ ಅಯೋವಾದ ಡೇವನ್‌ಪೋರ್ಟ್ ಸೆರೆಯಲ್ಲಿ ಸತ್ತರು. 1863ರ ಮಾರ್ಚ್‌ನಲ್ಲಿ ಡಕೋಟ ಜನರನ್ನು ಮಿನೆಸೋಟದಿಂದಲೇ ಹೊರಹಾಕುವ ಕಾನೂನು ಬಂತು. ಅದಕ್ಕೂ ಲಿಂಕನ್ನರದೇ ಸಹಿ.

6ನೇ ಸಂಪುಟದಲ್ಲಿ ನನಗೆ ತುಂಬಾ ಇಷ್ಟವಾದ ಕಾಗದ ಒಂದಿದೆ. ಅದೇ ಕಾಲದ ಅಮೆರಿಕದ ಅಂತರ್ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡ ಫ್ಯಾನಿ ಮೆಕಲಾ ಎಂಬ ಹುಡುಗಿಗೆ ಬರೆದದ್ದು. ದುಃಖ ಎಲ್ಲರಿಗೂ ಬರುತ್ತದೆ, ಎಳೆಯರಿಗೆ ಅದು ಕೇಳದೆ ಬಂದು ಎರಗುವುದರಿಂದ ಬಹಳ ಕಹಿ ಎನ್ನುತ್ತಾರೆ. ಪ್ರತಿ ಸಲ ಕಣ್ಣು ತುಂಬುತ್ತಿತ್ತು. ಈ ಸಲ ತಾರೀಖು ನೋಡಿದೆ. ಡಿಸೆಂಬರ್ 23. ನೇಣಿಗೆ ಮೂರು ದಿನ ಮೊದಲು. ಅದೇ ಕೈ, ಅದೇ ತಿಂಗಳು. ಆ ಕಾಗದದ ಮೇಲೆ ನನ್ನ ಪ್ರೀತಿ ಕಡಿಮೆ ಆಗಲಿಲ್ಲ. ಆದರೆ ಇನ್ನು ಅದನ್ನೊಂದನ್ನೇ ಓದಲು ನನ್ನಿಂದ ಆಗದು. ಮಂಕೇಟೊದಲ್ಲಿ ನೇಣಿಗೇರಿದವರ ಮಕ್ಕಳಿಗೆ ಯಾರು ಬರೆದರು?

ಭಾನುವಾರ ಆ ಪಟ್ಟಿಯ ಪುಟವನ್ನು ಗೆಳೆಯರ ಮಗಳಿಗೆ ಕಳಿಸಿದೆ. ಜೊತೆಗೆ ಏನೂ ಬರೆಯಲಿಲ್ಲ. ಎರಡು ದಿನ ಸದ್ದಿಲ್ಲ. ಇವತ್ತು ಬೆಳಗ್ಗೆ ಒಂದು ಸಾಲು ಬಂತು.

"ಅಂಕಲ್, 3 ಎಲ್ಲಿ?"

ಸಂಜೆ ಅವರ ಮನೆಗೆ ಹೊರಟಿದ್ದೇನೆ.