ಅಂದೇ ಉಂಡು ಮುಗಿಸಬೇಕಾದ ಕೃತಜ್ಞತಾಬಲಿ

ಬೈಬಲಿನಲ್ಲಿ ಬಲಿಗಳ ನಿಯಮ ಹೇಳುವ ಯಾಜಕಕಾಂಡದ 7ನೇ ಅಧ್ಯಾಯವನ್ನು ಮನಸ್ಸಿಟ್ಟು ಓದುವವರು ಕಡಿಮೆ. ರಕ್ತ, ಕೊಬ್ಬು, ಎದೆಭಾಗ, ಬಲತೊಡೆ ಎಂದು ಲೆಕ್ಕ ಶುರುವಾದ ಕೂಡಲೇ ಪುಟ ತಿರುವಿಬಿಡುತ್ತೇವೆ. ಆದರೆ ದೇವರಿಗೆ ಕೃತಜ್ಞತೆ ಸಲ್ಲಿಸುವುದು ಹೇಗೆ ಎಂದು ನಿಜವಾಗಿ ತಿಳಿಯಬೇಕಾದವರು ಮೊದಲು ಹೋಗಬೇಕಾದದ್ದು ಅಲ್ಲಿಗೇ. ಮನಸ್ಸಿನೊಳಗಿನ ಒಳ್ಳೆಯ ಭಾವನೆಯಷ್ಟನ್ನೇ ಆ ಅಧ್ಯಾಯ ಕೃತಜ್ಞತೆ ಎಂದು ಒಪ್ಪಿಕೊಳ್ಳುವುದಿಲ್ಲ. ಅದು ರೊಟ್ಟಿ ಕೇಳುತ್ತದೆ, ಗಡುವು ಹಾಕುತ್ತದೆ.

ಬಲಿಯ ಮಾಂಸದಲ್ಲಿ ಅರ್ಪಿಸಿದವರೂ ಪಾಲು ತಿನ್ನುತ್ತಿದ್ದ ಸಮಾಧಾನಯಜ್ಞದಲ್ಲಿ ಮೂರು ಬಗೆ. ಕೃತಜ್ಞತೆಗಾಗಿ ಮಾಡುವುದು ಒಂದು, ಹರಕೆ ತೀರಿಸಲು ಮಾಡುವುದು ಇನ್ನೊಂದು, ಮನಸಾರೆ ತಾನಾಗಿ ಮಾಡುವುದು ಮೂರನೆಯದು. ಹರಕೆಯ ಯಜ್ಞದ ಮಾಂಸವನ್ನೂ ಸ್ವಂತ ಇಚ್ಛೆಯ ಯಜ್ಞದ ಮಾಂಸವನ್ನೂ ಮರುದಿನದವರೆಗೆ ಇಟ್ಟುಕೊಂಡು ತಿನ್ನಬಹುದಿತ್ತು. ಕೃತಜ್ಞತೆಯದಕ್ಕೆ ಮಾತ್ರ ಆ ಸಡಿಲಿಕೆ ಇಲ್ಲ: ಅರ್ಪಿಸಿದ ದಿನವೇ ತಿಂದು ಮುಗಿಯಬೇಕು, ಬೆಳಗಿನ ತನಕ ಏನೂ ಉಳಿಯಬಾರದು. ಇದರ ಜೊತೆಗೆ ನಾಲ್ಕು ಬಗೆಯ ರೊಟ್ಟಿ ತರಬೇಕು. ಎಣ್ಣೆ ಬೆರೆಸಿದ ಹುಳಿಯಿಲ್ಲದ ರೊಟ್ಟಿ, ಎಣ್ಣೆ ಸವರಿದ ತೆಳು ರೊಟ್ಟಿ, ನಯವಾದ ಹಿಟ್ಟಿಗೆ ಎಣ್ಣೆ ಹಾಕಿ ಚೆನ್ನಾಗಿ ನಾದಿದ್ದು, ಮತ್ತು ಹುಳಿ ಹಾಕಿದ ರೊಟ್ಟಿ. ಯೆಹೂದಿ ಸಂಪ್ರದಾಯದ ಲೆಕ್ಕದಲ್ಲಿ ಒಂದೊಂದು ಬಗೆಯದು ಹತ್ತರಂತೆ ಒಟ್ಟು 40. ಪ್ರತಿ ಬಗೆಯಲ್ಲಿ ಒಂದು ಯಾಜಕನಿಗೆ ಸಲ್ಲುತ್ತದೆ. ಉಳಿದದ್ದು 36 ರೊಟ್ಟಿ, ಒಂದು ಕುರಿಯ ಮಾಂಸ, ಒಂದು ರಾತ್ರಿ.

ಈ ಕಟ್ಟಳೆಗೆ ಕಾರಣವೇನೆಂದು ಅಲ್ಲಿ ಬರೆದಿಲ್ಲ. ಆದರೆ ಪರಿಣಾಮ ಕಣ್ಣೆದುರಿಗೇ ಇದೆ. ಅಷ್ಟನ್ನು ಒಂದು ಮನೆಯವರೇ ತಿಂದು ಮುಗಿಸಲಾರರು. ಜನರನ್ನು ಕರೆಯಲೇಬೇಕು. ಬಂದವರು ‘ಏನು ವಿಶೇಷ?’ ಎಂದು ಕೇಳುತ್ತಾರೆ. ಆಗ ದೇವರು ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳಲೇಬೇಕು. 22ನೇ ಕೀರ್ತನೆಯ ಕೊನೆಯ ಭಾಗದಲ್ಲಿ ಇದೇ ಚಿತ್ರ ಕಾಣುತ್ತದೆ. ‘ನನ್ನನ್ನು ಯಾಕೆ ಕೈಬಿಟ್ಟೆ’ ಎಂದು ಶುರುವಾದ ಅದೇ ಕೀರ್ತನೆ, ಮಹಾಸಭೆಯಲ್ಲಿ ಹರಕೆ ತೀರಿಸುವ ಮಾತಿಗೆ ಬರುತ್ತದೆ, ಅದರ ಹಿಂದೆಯೇ ಬಡವರು ಉಂಡು ತೃಪ್ತರಾಗುವ ಮಾತು ಬರುತ್ತದೆ.

ಕ್ರಿಸ್ತನು ಒಂದೇ ಸಾರಿ ತನ್ನನ್ನೇ ಅರ್ಪಿಸಿಕೊಂಡ ಮೇಲೆ ನಮಗೆ ಕುರಿಯೂ ಇಲ್ಲ, ಬಲಿಪೀಠಕ್ಕೆ ರಕ್ತವೂ ಬೇಡ. ಆದರೂ ಬಾಯಿ ಮತ್ತು ಪಂಕ್ತಿ ಎರಡೂ ಉಳಿದವು. ಇಬ್ರಿಯರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದ 15ನೇ ವಚನ ತುಟಿಗಳ ಫಲವಾದ ಸ್ತೋತ್ರಯಜ್ಞವನ್ನು ಕೇಳುತ್ತದೆ. 16ನೇ ವಚನ ಉಪಕಾರ ಮಾಡುವುದನ್ನೂ ಇದ್ದದ್ದನ್ನು ಹಂಚಿಕೊಳ್ಳುವುದನ್ನೂ ಮರೆಯಬೇಡಿ ಎನ್ನುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರೆ ಕೃತಜ್ಞತೆ ಅರ್ಧಕ್ಕೇ ನಿಂತಂತೆ.

ಮೊದಲು ಬಾಯಿಯ ಕೆಲಸ. ಪ್ರಾರ್ಥನೆಯಲ್ಲಿ ನಾವು ಮಾಡುವ ದೊಡ್ಡ ತಪ್ಪೆಂದರೆ ಒಟ್ಟಾರೆ ಸ್ತೋತ್ರ. ‘ಕರ್ತನೇ, ಎಲ್ಲಾ ಉಪಕಾರಗಳಿಗಾಗಿ ನಿನಗೆ ಸ್ತೋತ್ರ’ ಎಂದು ಒಂದೇ ಉಸಿರಿಗೆ ಹೇಳಿ, ಮರುಕ್ಷಣವೇ ಬೇಡಿಕೆಗಳ ಪಟ್ಟಿ ಬಿಚ್ಚುತ್ತೇವೆ. ಹೇಳಿದ ನಮಗೇ ಯಾವ ಉಪಕಾರ ಎಂದು ಗೊತ್ತಿರುವುದಿಲ್ಲ. ಇದಕ್ಕೆ ಮದ್ದು ಸುಲಭ. ಏನಾಯಿತು, ಯಾರ ಕೈಯಿಂದ ಆಯಿತು, ಕೊಟ್ಟವನು ಯಾರು, ಈ ಮೂರನ್ನೂ ಸೇರಿಸಿ ಹೇಳಬೇಕು. ‘ಕರ್ತನೇ, ಮಗುವಿನ ಜ್ವರ ರಾತ್ರಿ ಇಳಿಯಿತು. ಎರಡು ಗಂಟೆಯವರೆಗೆ ನಿದ್ದೆಗೆಟ್ಟು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ಅತ್ತೆಯನ್ನು ನೀನೇ ನಮಗೆ ಕೊಟ್ಟೆ. ನಿನಗೆ ಸ್ತೋತ್ರ.’ ಇಷ್ಟೇ ಉದ್ದ ಸಾಕು. ಹೀಗೆ ಹೇಳಿದವರು ಬೆಳಿಗ್ಗೆ ಎದ್ದು ಅತ್ತೆಗೂ ಒಂದು ಮಾತು ಹೇಳದೆ ಇರಲಾರರು. ಹೇಳಬೇಕು ಕೂಡ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ, ತನಗಾಗಿ ಕತ್ತನ್ನೇ ಒಡ್ಡಿದ ಪ್ರಿಸ್ಕ, ಅಕ್ವಿಲ ಎಂಬ ದಂಪತಿಗೆ ಹೆಸರು ಹಿಡಿದು ಕೃತಜ್ಞತೆ ಹೇಳುತ್ತಾನೆ. ದೇವರಿಗೆ ಸ್ತೋತ್ರ ಹೇಳಿದ್ದೇನೆ, ಮನುಷ್ಯರಿಗೆ ಯಾಕೆ ಎನ್ನುವುದು ಭಕ್ತಿಯಲ್ಲ.

ಕೂತರೆ ಏನೂ ನೆನಪಾಗುವುದಿಲ್ಲ ಎನ್ನುವವರಿಗೆ 103ನೇ ಕೀರ್ತನೆ ದಾರಿ ಹಾಕಿಕೊಡುತ್ತದೆ. ದಾವೀದನು ಅಲ್ಲಿ ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುತ್ತಾನೆ, ಒಂದು ಉಪಕಾರವನ್ನೂ ಮರೆಯಬೇಡ ಎಂದು. ಆಮೇಲೆ 3ರಿಂದ 5ನೇ ವಚನದವರೆಗೆ ಐದು ಉಪಕಾರ ಎಣಿಸುತ್ತಾನೆ: ಪಾಪ ಕ್ಷಮಿಸುವುದು, ರೋಗ ವಾಸಿಮಾಡುವುದು, ನಾಶದಿಂದ ಬಿಡಿಸುವುದು, ಪ್ರೀತಿ ಕರುಣೆಗಳ ಕಿರೀಟ ಇಡುವುದು, ಒಳ್ಳೆಯದರಿಂದ ತೃಪ್ತಿಪಡಿಸುವುದು. ಒಂದೊಂದರ ಮುಂದೆಯೂ ನಿಂತು ನಿಮ್ಮ ಈ ವಾರದ ಒಂದು ಸಂಗತಿಯನ್ನು ಇಡಿ. ಕ್ಷಮೆ ಎಲ್ಲಕ್ಕಿಂತ ಮೊದಲು ಬಂದಿರುವುದನ್ನು ಗಮನಿಸಿ. ಕೆಲಸ ಸಿಕ್ಕಿದ್ದಕ್ಕೆ, ಪರೀಕ್ಷೆ ಪಾಸಾದದ್ದಕ್ಕೆ ಸ್ತೋತ್ರ ಹೇಳುವ ನಾವು, ಕ್ಷಮೆ ಸಿಕ್ಕಿದ್ದಕ್ಕೆ ಹೇಳುವುದು ಅಪರೂಪ.

ಸಮಯ ಯಾವುದಾದರೂ ಆಗಬಹುದು, ಆದರೆ ಗೊತ್ತುಮಾಡಿಕೊಂಡಿರಬೇಕು. ದೇವಾಲಯದಲ್ಲಿ ಅಲ್ಲಿನ ಸೇವೆಗೆಂದೇ ಇದ್ದ ಕುಲದವರಾದ ಲೇವಿಯರು ಪ್ರತಿದಿನ ಬೆಳಿಗ್ಗೆಯೂ ಸಾಯಂಕಾಲವೂ ಕೃತಜ್ಞತಾಸ್ತುತಿಗೆ ನಿಲ್ಲುತ್ತಿದ್ದರು. ದಾನಿಯೇಲನು ದಿನಕ್ಕೆ ಮೂರು ಸಾರಿ ಮೊಣಕಾಲೂರಿ ಸ್ತುತಿಸುತ್ತಿದ್ದನು, ಪ್ರಾರ್ಥಿಸಿದರೆ ಸಿಂಹಗಳ ಗವಿ ಎಂಬ ಆಜ್ಞೆ ಹೊರಟ ದಿನವೂ ಅದನ್ನು ಬಿಡಲಿಲ್ಲ. ಲೊಯೋಲದ ಸಂತ ಇಗ್ನೇಷಿಯಸ್ (1491–1556) ಕಲಿಸಿದ ಆತ್ಮಶೋಧನೆಯಲ್ಲಿ ಐದು ಹೆಜ್ಜೆಗಳಿವೆ. ಮೊದಲನೆಯದು ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ. ತನ್ನ ಪಾಪ ತಿಳಿಯಲು ಕೃಪೆ ಬೇಡುವುದು, ದಿನವನ್ನು ಪರಿಶೀಲಿಸುವುದು, ಕ್ಷಮೆ ಕೇಳುವುದು, ತಿದ್ದಿಕೊಳ್ಳುವ ನಿಶ್ಚಯ, ಇವೆಲ್ಲ ಆಮೇಲೆ. ಈ ಕ್ರಮವನ್ನು ತಿರುವುಮುರುವು ಮಾಡಬಾರದು. ತಪ್ಪುಗಳಿಂದ ಶುರುಮಾಡಿದರೆ ಮನಸ್ಸು ತನ್ನನ್ನೇ ಸುತ್ತುತ್ತಾ ಕುಗ್ಗುತ್ತದೆ. ಉಪಕಾರದಿಂದ ಶುರುಮಾಡಿದರೆ, ಇಷ್ಟು ಪ್ರೀತಿಸಿದವನಿಗೆ ನಾನು ಮಾಡಿದ್ದೇನು ಎಂಬ ಪಶ್ಚಾತ್ತಾಪ ತಾನಾಗಿ ಬರುತ್ತದೆ. ರಾತ್ರಿ ಮಲಗುವ ಮುಂಚೆ ಹದಿನೈದು ನಿಮಿಷ ಇದಕ್ಕೆ ಧಾರಾಳವಾಯಿತು.

ಎಷ್ಟು ಗಟ್ಟಿಯಾಗಿ ಹೇಳಬೇಕು? ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು ಕೂಗಿ ಬೇಡುತ್ತಾರೆ. ಹೋಗಿ ಯಾಜಕರಿಗೆ ತೋರಿಸಿಕೊಳ್ಳಿರಿ ಎಂದು ಯೇಸುಸ್ವಾಮಿ ಹೇಳುತ್ತಾರೆ, ಹೋಗುವ ದಾರಿಯಲ್ಲೇ ಶುದ್ಧರಾಗುತ್ತಾರೆ. ಸ್ತುತಿಸಲು ಹಿಂದಿರುಗಿದವನು ಒಬ್ಬನೇ. ಹಿಂದಿರುಗದ ಒಂಬತ್ತು ಮಂದಿ ಆಜ್ಞೆ ಮೀರಿದವರಲ್ಲ, ಹೇಳಿದ್ದನ್ನೇ ಮಾಡಿದವರು. ಆ ಕಥೆ ನಮ್ಮನ್ನು ಚುಚ್ಚಬೇಕಾದದ್ದು ಇಲ್ಲಿಯೇ. ನಿಯಮ ತಪ್ಪದೆ ಆರಾಧನೆಗೆ ಹೋಗಿ, ಕಾಣಿಕೆ ಹಾಕಿ, ಕೊಟ್ಟವನ ಪಾದದ ಬಳಿಗೆ ಮಾತ್ರ ಬಾರದೆ ಇರಲು ಸಾಧ್ಯ. ಮರಳಿ ಬಂದವನು ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು, ಮಹಾಧ್ವನಿಯಿಂದ ದೇವರನ್ನು ಕೊಂಡಾಡುತ್ತಾ ಬಂದನು. ಬೇಡುವಾಗ ಎಷ್ಟು ಜೋರಾಗಿ ಕೂಗಿದ್ದನೋ ಸ್ತುತಿಸುವಾಗಲೂ ಧ್ವನಿ ಅಷ್ಟೇ ಎತ್ತರದಲ್ಲಿತ್ತು. ನಮ್ಮಲ್ಲಿ ಬೇಡಿಕೆ ಸಭೆಯ ಕಿವಿಗೆಲ್ಲ ಬೀಳುತ್ತದೆ, ಉಪವಾಸ ಪ್ರಾರ್ಥನೆಗೆ ಹೆಸರು ಕೊಡುತ್ತೇವೆ, ಹತ್ತು ಮನೆಗೆ ಫೋನ್ ಮಾಡುತ್ತೇವೆ. ಉತ್ತರ ಬಂದ ಮೇಲೆ ಆ ಹತ್ತು ಮನೆಗೂ ಮತ್ತೆ ಫೋನ್ ಹೋಗಬೇಕು. ಪ್ರಾರ್ಥನೆಗೆ ಹೆಸರು ಕೊಟ್ಟವರು ಅದೇ ಜಾಗದಲ್ಲಿ ನಿಂತು ಸಾಕ್ಷಿ ಹೇಳಬೇಕು.

ಸಾಕ್ಷಿ ಹೇಳುವುದಕ್ಕೂ ಒಂದು ಅಚ್ಚುಕಟ್ಟಿದೆ. 107ನೇ ಕೀರ್ತನೆಯಲ್ಲಿ ನಾಲ್ಕು ಗುಂಪಿನವರು ಬರುತ್ತಾರೆ: ಅಡವಿಯಲ್ಲಿ ದಾರಿ ತಪ್ಪಿದವರು, ಸೆರೆಯಲ್ಲಿದ್ದವರು, ತಮ್ಮ ಮೂರ್ಖತನದಿಂದಲೇ ರೋಗಕ್ಕೆ ಬಿದ್ದವರು, ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕವರು. ನಾಲ್ವರ ಕಥೆಗೂ ಒಂದೇ ಅಳತೆ. ಕಷ್ಟ ಬಂತು, ಕೂಗಿದರು, ಬಿಡಿಸಿದನು, ಆತನನ್ನು ಕೊಂಡಾಡಲಿ. ಮೂರು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಸಾಕ್ಷಿ ಕೆಡುವುದು ಕಷ್ಟದ ಭಾಗವನ್ನೇ ಹಿಗ್ಗಿಸಿದಾಗ. ಕೇಳಿದವರಿಗೆ ರೋಗದ ವಿವರ ನೆನಪಿರುತ್ತದೆ, ದೇವರು ನೆನಪಿರುವುದಿಲ್ಲ. ಇನ್ನೊಬ್ಬರ ಮನೆಯ ಗುಟ್ಟನ್ನು ಅವರ ಒಪ್ಪಿಗೆ ಇಲ್ಲದೆ ಸಭೆಯಲ್ಲಿ ಬಿಚ್ಚಬಾರದು. ವಾಸಿಯಾಯಿತು ಎಂದು ಹೇಳುವ ಮುಂಚೆ ವೈದ್ಯರ ವರದಿ ಕೈಯಲ್ಲಿರಲಿ. ಆ ಸಮಾರ್ಯದವನ ಜೊತೆಯವರನ್ನೂ ಪರೀಕ್ಷೆಗೆ ಯಾಜಕರ ಹತ್ತಿರ ಕಳಿಸಿದ್ದು ಯೇಸುಸ್ವಾಮಿಯೇ. ಸ್ತೋತ್ರ ಹೇಳಿದ್ದೇನೆ, ಇನ್ನು ಮಾತ್ರೆ ಬೇಡ ಎನ್ನುವುದು ಅಪಾಯ. ಎಲ್ಲಕ್ಕಿಂತ ಕೆಟ್ಟದ್ದು ಹೋಲಿಕೆ. ‘ನಾನು ಉಳಿದವರಂತೆ ಅಲ್ಲದ್ದರಿಂದ ನಿನಗೆ ಸ್ತೋತ್ರ’ ಎಂದ ಫರಿಸಾಯನ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನ) ಪ್ರಾರ್ಥನೆಯೂ ಶುರುವಾದದ್ದು ಕೃತಜ್ಞತೆಯಿಂದಲೇ. ‘ಅವರ ಮಗನಂತೆ ನನ್ನ ಮಗ ಕೆಡಲಿಲ್ಲ’ ಎಂಬ ಸಾಕ್ಷಿ ಬಾಯಿಗೆ ಬರುವ ಮೊದಲೇ ಅದನ್ನು ನುಂಗಿಬಿಡಬೇಕು. ಆ ಇನ್ನೊಬ್ಬ ತಾಯಿ ಹಿಂದಿನ ಸಾಲಿನಲ್ಲಿ ಕೂತಿರುತ್ತಾಳೆ.

ಹರಕೆಯ ವಿಷಯಕ್ಕೆ ಬಂದರೆ, ಸತ್ಯವೇದ ಅದನ್ನು ತಡೆಯುವುದಿಲ್ಲ, ಎಚ್ಚರಿಸುತ್ತದೆ. ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದೆ ಇರುವುದೇ ಲೇಸು ಎಂದು ಪ್ರಸಂಗಿ ಎಂಬ ಗ್ರಂಥ ಹೇಳುತ್ತದೆ. ಹರಕೆ ನಿಮ್ಮ ಕೈಯಿಂದ ತೀರುವಂಥದ್ದಾಗಿರಬೇಕು, ಇನ್ನೊಬ್ಬರ ಬದುಕನ್ನು ಕಟ್ಟಿಹಾಕಬಾರದು. ಯುದ್ಧದಲ್ಲಿ ಗೆದ್ದರೆ ಮನೆಯಿಂದ ಮೊದಲು ಎದುರು ಬರುವುದನ್ನು ಅರ್ಪಿಸುತ್ತೇನೆ ಎಂದ ಯೆಪ್ತಾಹನ ಅವಸರದ ಮಾತಿಗೆ ಬೆಲೆ ತೆತ್ತವಳು ಅವನ ಮಗಳು. ಮಕ್ಕಳಿಲ್ಲದೆ, ಮಗ ಹುಟ್ಟಿದರೆ ದೇವರಿಗೇ ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತ ಹನ್ನಳನ್ನು ನೋಡಿ. ಕೇಳಿಕೊಂಡ ಮಗುವಿಗೆ ಮೊಲೆ ಬಿಡಿಸಿದ ಮೇಲೆ ಶೀಲೋವಿಗೆ ಕರೆತಂದು ಮಾತು ಉಳಿಸಿಕೊಂಡಳು. ಆಮೇಲೆ ಅವಳು ಮಾಡಿದ ಪ್ರಾರ್ಥನೆಯಲ್ಲಿ ಆ ಮಗ ಸಮುವೇಲನ ಹೆಸರೇ ಇಲ್ಲ. ಬಡವನನ್ನು ಧೂಳಿನಿಂದ ಎತ್ತುವ ಕರ್ತನೇ ಅಲ್ಲಿ ತುಂಬಿದ್ದಾನೆ. ಪಡೆದ ವರಕ್ಕಿಂತ ಕೊಟ್ಟವನು ದೊಡ್ಡವನಾಗಿ ಕಂಡಾಗ ಹರಕೆ ವ್ಯಾಪಾರವಾಗುವುದಿಲ್ಲ.

ಕಾಣಿಕೆ ಹಾಕುವ ಮುಂಚೆ ಎರಡು ವಿಷಯ ನೋಡಿಕೊಳ್ಳಬೇಕು. ಸಹೋದರನ ಮನಸ್ಸಿನಲ್ಲಿ ನಿಮ್ಮ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕು (ಮತ್ತಾಯ 5:23–24). ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಕೊಟ್ಟಾಯಿತು ಎಂದು ತಪ್ಪಿಸುವುದನ್ನು ಯೇಸುಸ್ವಾಮಿ ಮಾರ್ಕನ 7ನೇ ಅಧ್ಯಾಯದಲ್ಲಿ ಕಟುವಾಗಿ ಖಂಡಿಸಿದ್ದಾರೆ. ಕೆಲಸದವರ ಬಾಕಿ ಸಂಬಳವೂ ಹಾಗೆಯೇ ಎಂದು ನಾನು ಸೇರಿಸುತ್ತೇನೆ. ಅದನ್ನು ಕೊಡದೆ ಹಾಕಿದ ಕೃತಜ್ಞತಾ ಕಾಣಿಕೆ ಅವರ ಹಣವೇ ಹೊರತು ನಿಮ್ಮದಲ್ಲ.

ಇನ್ನು ಪಂಕ್ತಿ. ಕೃತಜ್ಞತಾ ಕೂಟ ಎಂದರೆ ಸಾಲ ಮಾಡಿ ಶಾಮಿಯಾನ ಹಾಕಬೇಕೆಂದಿಲ್ಲ. ಸಾಲ ಮಾಡಿದರೆ ಮರುದಿನದಿಂದಲೇ ಚಿಂತೆ ಶುರು, ಅದಕ್ಕೆ ಮತ್ತೆ ಪ್ರಾರ್ಥನೆಯ ಕೋರಿಕೆ. ಮನೆಯಲ್ಲಿ ಆ ದಿನ ಬೇಯುವ ಊಟಕ್ಕೇ ನಾಲ್ಕು ತಟ್ಟೆ ಹೆಚ್ಚಿಗೆ ಹಾಕಿದರೆ ಆಯಿತು. ಯಾರನ್ನು ಕರೆಯಬೇಕೆಂಬುದು ಲೂಕ 14:13ರಲ್ಲಿದೆ: ಬಡವರು, ಊನವಾದವರು, ಕುಂಟರು, ಕುರುಡರು, ಅಂದರೆ ತಿರುಗಿ ಕರೆಯಲು ಆಗದವರು. ಮುಖ್ಯವಾದದ್ದು ಆ ಗಡುವು. ಕೃತಜ್ಞತೆ ಬೇಗ ಹಳಸುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕಣ್ಣಲ್ಲಿ ನೀರು ತುಂಬಿದವರು, ಎಲ್ಲ ಅನುಕೂಲವಾದ ಮೇಲೆ ದೊಡ್ಡದಾಗಿ ಮಾಡೋಣ ಎಂದು ಮುಂದೂಡಿದರೆ, ವರ್ಷ ಕಳೆಯುವಷ್ಟರಲ್ಲಿ ‘ಒಳ್ಳೆಯ ಡಾಕ್ಟರ್ ಸಿಕ್ಕಿದ್ದರು’ ಎಂದಷ್ಟೇ ಹೇಳುತ್ತಾರೆ. ಚಿಕ್ಕದಾಗಿ ಅಂದೇ ಮಾಡಿಬಿಡಿ. ಹಂಚಿದ ಊಟ ಹಸಿವನ್ನು ನೀಗಿಸುವುದರ ಜೊತೆಗೆ ಉಂಡವರ ಬಾಯಿಂದಲೂ ದೇವರಿಗೆ ಸ್ತೋತ್ರ ಹೊರಡಿಸುತ್ತದೆ ಎಂದು ಪೌಲನು 2 ಕೊರಿಂಥ 9:12ರಲ್ಲಿ ಬರೆಯುತ್ತಾನೆ.

ದುಃಖದಲ್ಲಿರುವವರ ಮುಂದೆ ಮಾತ್ರ ಬಹಳ ಜಾಗ್ರತೆ ಬೇಕು. ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂಬ 1 ಥೆಸಲೋನಿಕ 5:18ನ್ನು ಸಾವಿನ ಮನೆಯಲ್ಲಿ ಬಾಯಿಗೆ ತುರುಕುವವರಿದ್ದಾರೆ. ಅದೇ ಅಧ್ಯಾಯದಲ್ಲಿ ನಾಲ್ಕು ವಚನ ಮೇಲೆ, ಮನಗುಂದಿದವರನ್ನು ಧೈರ್ಯಪಡಿಸಿರಿ, ಬಲಹೀನರಿಗೆ ಆಧಾರವಾಗಿರಿ ಎಂದಿರುವುದನ್ನು ಅವರು ಓದುವುದಿಲ್ಲ. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿ ಮೊದಲು ಅತ್ತರು. ಆಮೇಲೆ, ಕಲ್ಲು ತೆಗೆದ ಮೇಲೆ, ತಂದೆಗೆ ಸ್ತೋತ್ರ ಹೇಳಿದರು. ಆ ಸ್ತೋತ್ರ ಗೆಳೆಯನ ಸಾವಿಗಾಗಿ ಅಲ್ಲ, ತಂದೆ ತನ್ನ ಮೊರೆಯನ್ನು ಕೇಳಿದ್ದಕ್ಕಾಗಿ. ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲೂ ರೊಟ್ಟಿ ಹಿಡಿದು ಸ್ತೋತ್ರ ಮಾಡಿದರು, ಅದೇ ರಾತ್ರಿ ತೋಟದಲ್ಲಿ ಈ ಪಾತ್ರೆ ನನ್ನಿಂದ ತೊಲಗಲಿ ಎಂದೂ ಬೇಡಿದರು. ಎರಡೂ ಒಂದೇ ಹೃದಯದಲ್ಲಿ ಇರಬಹುದು. ಆದ್ದರಿಂದ ಅಳುವವರಿಗೆ ಸ್ತೋತ್ರ ಹೇಳಿಸಬೇಡಿ, ಅವರ ಪರವಾಗಿ ನೀವು ಹೇಳಿ.

ಇದಕ್ಕೆ 136ನೇ ಕೀರ್ತನೆ ಹೇಳಿ ಮಾಡಿಸಿದ್ದು. ಅದರಲ್ಲಿ 26 ವಚನ, ಪ್ರತಿಯೊಂದರ ಕೊನೆಯಲ್ಲೂ ಆತನ ಕೃಪೆ ಶಾಶ್ವತ ಎಂಬ ಒಂದೇ ಮಾತು. ಒಬ್ಬರು ಮೊದಲ ಅರ್ಧ ಓದಲಿ, ಉಳಿದವರು ಕೊನೆಯ ಅರ್ಧ ಹೇಳಲಿ. ಅವಸರವಿಲ್ಲದೆ ಓದಿದರೂ ಐದಾರು ನಿಮಿಷದೊಳಗೆ ಮುಗಿಯುತ್ತದೆ. ಸ್ವಂತ ಮಾತು ಹೊರಡದವರು ಆ ಒಂದು ಸಾಲನ್ನಷ್ಟೇ ಹೇಳಿದರೆ ಸಾಕು, ಅದೂ ಆಗದಿದ್ದರೆ ಕೇಳುತ್ತಾ ಕೂತರೆ ಸಾಕು. ಓದುವವರು 23ನೇ ವಚನದ ಹತ್ತಿರ ವೇಗ ತಗ್ಗಿಸಿ. ಆಕಾಶ, ಸೂರ್ಯ, ಕೆಂಪು ಸಮುದ್ರ, ಅರಸರು ಎಂದು ದೊಡ್ಡ ದೊಡ್ಡ ಸಂಗತಿಗಳನ್ನು ಎಣಿಸಿದ ಕೀರ್ತನೆ ಅಲ್ಲಿ ಇಳಿದುಬಂದು, ನಾವು ದೀನಸ್ಥಿತಿಯಲ್ಲಿದ್ದಾಗ ನೆನಸಿಕೊಂಡನು ಎನ್ನುತ್ತದೆ, ಎರಡು ವಚನ ದಾಟಿ, ಎಲ್ಲಾ ಜೀವಿಗಳಿಗೂ ಆಹಾರ ಕೊಡುತ್ತಾನೆ ಎನ್ನುತ್ತದೆ. ಓದಿ ಮುಗಿಸಿದ ಮೇಲೆ ಬೇರೆ ಉಪದೇಶ ಬೇಡ. ಆ ಮನೆಯವರಿಗೆ ಊಟ ತಂದಿದ್ದರೆ ಬಡಿಸಿ.