ಮಾವ ಇದ್ದ, ಅಂದ್ರೆ ಇದಾನೆ

ನವೆಂಬರ್ ಬಂತು ಅಂದ್ರೆ ನಮ್ಮ ಮಾವಂಗೆ ತಾನು ಬದುಕಿದೀನಿ ಅಂತ ಸರ್ಕಾರಕ್ಕೆ ತೋರಿಸೋ ಕೆಲಸ. ಪೋಸ್ಟಾಫೀಸಲ್ಲಿ ಕೆಲಸ ಮಾಡಿ ರಿಟೈರ್ ಆದವ, ವರ್ಷಕ್ಕೊಂದ್ಸಲ ಲೈಫ್ ಸರ್ಟಿಫಿಕೇಟ್ ಕೊಡದೇ ಇದ್ರೆ ಪಿಂಚಣಿ ನಿಂತೋಗ್ತದೆ. ಈ ಸಲ ಶಿರಸಿಯಿಂದ ಕಾರವಾರಕ್ಕೆ ನಮ್ಮನೆಗೆ ಬಂದವ ನಾಲ್ಕು ದಿನ ಇದ್ದ, ಹಂಗಾಗಿ ನಾನೇ ಇಲ್ಲಿ ಒಂದು ಕಂಪ್ಯೂಟರ್ ಅಂಗಡಿಗೆ ಕರ್ಕೊಂಡು ಹೋದೆ. ಬೆರಳು ಇಡಿ ಅಂದ್ರು, ಇಟ್ಟ. ಬರ್ಲಿಲ್ಲ. ಇನ್ನೊಂದು ಬೆರಳು, ಅದೂ ಇಲ್ಲ, ಒರೆಸಿ ಇಟ್ಟ, ಎಣ್ಣೆ ಹಚ್ಚಿ ಇಟ್ಟ, ಹತ್ತು ಬೆರಳೂ ಮುಗೀತು. ರಿಟೈರ್ ಆದ ಮೇಲೆ ಅಷ್ಟು ವರ್ಷ ಅಡಿಕೆ ಸುಲಿದ ಕೈ, ಗೆರೆ ಎಲ್ಲಿಂದ ಉಳೀಬೇಕು ಹೇಳಿ.

ಕೊನೆಗೆ ಅಂಗಡಿ ಹುಡುಗ ಮೊಬೈಲ್ ತೆಗೆದು ಮುಖ ತೋರಿಸಿ ಅಂದ. ಮಾವ ಪಾಸ್‌ಪೋರ್ಟ್ ಸೈಜ್ ಫೋಟೋ ಜೇಬಿಂದ ತೆಗೆದ. "ಅದು ನಡೆಯೋದಿಲ್ಲ ಅಜ್ಜಾ, ಲೈವ್ ಬೇಕು, ಕಣ್ಣು ಮಿಟುಕಿಸಿ" ಅಂದ ಹುಡುಗ. ಮಾವ ಮಿಟುಕಿಸಿದ, ಆಯ್ತು. ಸರ್ಕಾರದ ಲೆಕ್ಕದಲ್ಲಿ ಇನ್ನೊಂದು ವರ್ಷ ಇದಾನೆ.

ನಾನು ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳೋಳು, ಅವತ್ತಿಂದ ತಲೇಲಿ ಆ ಹುಡುಗ ಹೇಳಿದ ಲೈವ್ ಅನ್ನೋ ಒಂದೇ ಶಬ್ದ ಕೂತ್ಬಿಟ್ಟಿದೆ. ಸ್ಪೆಲಿಂಗ್ ಒಂದೇ, ಓದೋದು ಮಾತ್ರ ಕ್ರಿಯಾಪದ ಆದ್ರೆ ಲಿವ್, ವಿಶೇಷಣ ಆದ್ರೆ ಲೈವ್. ಮಕ್ಕಳು ಪ್ರತಿ ಸಲ ತಪ್ಪು ಓದ್ತಾರೆ, "ಐ ಲೈವ್ ಇನ್ ಕಾರವಾರ್" ಅಂತಾರೆ, ಏನೋ ಯೂಟ್ಯೂಬಲ್ಲಿ ಬರ್ತಾ ಇರೋರ ಥರ. ಲೈವ್ ಅನ್ನೋದು ಅಲೈವ್ ಅನ್ನೋದರ ತಲೆ ಕತ್ತರಿಸಿ ಉಳಿದ ತುಂಡು, ಅದನ್ನ ನೇರಪ್ರಸಾರಕ್ಕೆ ಹೇಳೋಕೆ ಶುರು ಮಾಡಿದ್ದು 1930ರ ದಶಕದಲ್ಲಿ, ರೇಡಿಯೋ ಕಾಲ. ಈಗ ಯಕ್ಷಗಾನಕ್ಕೂ ಅದೇ, ನಮ್ಮನೇಲಿ ರಾತ್ರಿ ಊಟ ಆದ್ಮೇಲೆ ಕೇಳೋ ಪ್ರಶ್ನೆ "ಇವತ್ತು ಲೈವ್ ಇದ್ಯಾ?"

ಇದ್ಯಾ. ಇಲ್ಲೇ ನನ್ನ ಬಂಡಿ ಸಿಕ್ಕಿ ಬಿದ್ದಿದ್ದು. ಮಳೆಗಾಲದಲ್ಲಿ ದಾರೀಲಿ ತಂತಿ ಬಿದ್ದಿರ್ತದೆ, ಇಂಗ್ಲಿಷಲ್ಲಿ ಅದು ಲೈವ್ ವೈರ್, ನಾವು ದೂರ ನಿಂತು ಕೇಳೋದು "ಕರೆಂಟ್ ಇದ್ಯಾ?" ಮೀನು ಪೇಟೇಲಿ ಪಕ್ಕದ್ಮನೆ ಅಕ್ಕ ಏಡಿ ತಿರುವಿ ಹಾಕಿ "ಜೀವ ಇದ್ಯಾ?" ಅಂತಾಳೆ (ನಾನು ತಿನ್ನೋಳಲ್ಲ, ಚೀಲ ಹಿಡ್ಕೊಳೋಳು ಅಷ್ಟೆ). ವೇರ್ ಡು ಯು ಲಿವ್ ಅಂದ್ರೆ "ಎಲ್ಲಿ ಇರ್ತೀರಿ?" ಸತ್ತೋದ್ರು ಅನ್ನೋಕೆ ಬಾಯಿ ಬರದೇ ಹೋದಾಗ "ಅವ್ರೀಗ ಇಲ್ಲ". ಬದುಕು, ಬಾಳು, ಜೀವಿಸು, ವಾಸಿಸು ಅಂತ ಡಿಕ್ಷನರೀಲಿ ಸಾಲಾಗಿ ಕೊಟ್ಟಿರ್ತಾರೆ, ವಾಸಿಸು ಅಂತ ಮನುಷ್ಯರು ಬಾಯಲ್ಲಿ ಹೇಳಿದ್ದು ನಾನು ಕೇಳಿಲ್ಲ, ಅದು ಅರ್ಜಿ ಫಾರಂನ ಭಾಷೆ.

ನಮ್ಮ ಹವ್ಯಕರ ಮಾತಲ್ಲಿ ಇದು ಇನ್ನೂ ಒಂದು ಸುತ್ತು ಜಾಸ್ತಿ. ಊರ ಕನ್ನಡದಲ್ಲಿ "ಇದಾನೆ" ಅನ್ನೋದಕ್ಕೆ ನಾವು "ಇದ್ದ" ಅಂತೀವಿ. ಒಂದ್ಸಲ ಬೆಂಗಳೂರಿಂದ ಯಾರೋ ಫೋನ್ ಮಾಡಿ ಮಾವನ ಹೆಸರು ಹೇಳಿ ಇದಾರಾ ಅಂತ ಕೇಳಿದ್ರು, ಅತ್ತೆ "ಹೋ, ಇದ್ದ" ಅಂದ್ಳು. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾಗಿ "ಅಯ್ಯೋ, ಯಾವಾಗ ಹೋಗಿದ್ದು ಅಮ್ಮಾ" ಅಂದ್ರಂತೆ. ಅತ್ತೆ "ಎಲ್ಲೂ ಹೋಗಲ್ಲೆ, ತೋಟದಲ್ಲಿ ಇದ್ದ" ಅಂದ್ಳು.

ಕಾರವಾರದ ಕೊಂಕಣಿಯಲ್ಲಿ ಬೇರೆ ಮಜಾ. "ತೂಂ ಖಂಯ್ ರಾವ್ತಾ?" ಅಂದ್ರೆ ಎಲ್ಲಿರ್ತೀಯ. ಅದೇ "ರಾವ್" ಅಂದ್ರೆ ನಿಲ್ಲು, ತಡಿ. ಹೊಸದಾಗಿ ಇಲ್ಲಿಗೆ ಬಂದಾಗ ಪಕ್ಕದ್ಮನೆಯವ್ರು ಗೇಟಲ್ಲಿ ರಾವ್ ರಾವ್ ಅಂದಾಗೆಲ್ಲ ನಂಗೆ ಗೊಂದಲ. ಆದ್ರೆ ಇಂಗ್ಲಿಷಿನ ಬೇರು ಹುಡುಕಿದ್ರೆ ಅಲ್ಲೂ ಇದೇ! ಲಿವ್ ಶಬ್ದದ ಹಳೇ ಮೂಲ ಅಂತ ಭಾಷಾಶಾಸ್ತ್ರದವ್ರು ಹೇಳೋ ಧಾತುವಿಗೆ ಅಂಟಿಕೋ, ಉಳಿದುಕೋ ಅಂತ ಅರ್ಥ. ಜರ್ಮನ್ನಲ್ಲಿ ಬದುಕೋದಕ್ಕೆ ಲೇಬೆನ್, ಉಳಿಯೋದಕ್ಕೆ ಬ್ಲೈಬೆನ್, ಎರಡೂ ಅದೇ ಬೇರಿನವು. ಬಿಟ್ಟು ಹೋಗೋ ಲೀವ್ ಕೂಡ ಅದೇ ಮನೇದು, ಯಾಕಂದ್ರೆ ಅದರ ಮೊದಲಿನ ಅರ್ಥ ಉಳಿಸು ಅಂತ. ಸಂಸ್ಕೃತದಲ್ಲಿ ಅದೇ ಬೇರು ಲಿಪ್ ಆಗಿ ಬಂದಿದೆ, ಅದರಿಂದ ಲೇಪ. ಅಂದ್ರೆ ಗೋಡೆಗೆ ಹಚ್ಚೋ ಲೇಪ ಮತ್ತು ಲಿವ್ ದೂರದ ದಾಯಾದಿಗಳು! ನಮ್ಮ "ಜೀವ"ದ ದಾಯಾದಿ ಇಂಗ್ಲಿಷಲ್ಲಿ ಬೇರೆ, ಕ್ವಿಕ್. ಹಿಂದೆ ಅದಕ್ಕೆ ಜೀವ ಇರೋದು ಅಂತ್ಲೇ ಅರ್ಥ, ಪಾದರಸಕ್ಕೆ ಕ್ವಿಕ್‌ಸಿಲ್ವರ್ ಅಂದಿದ್ದು ಅದು ಜೀವ ಇದ್ದಂಗೆ ಓಡಾಡ್ತದೆ ಅಂತ. ಆಮೇಲೆ ಬೇಗ ಅಂತಾಗಿ ಹೋಯ್ತು.

ಇನ್ನು ಸ್ಟೇ. "ವೇರ್ ಡು ಯು ಸ್ಟೇ" ಅಂತ ನಾವೆಲ್ಲ ಕೇಳ್ತೀವಿ, ಅದು ತಪ್ಪು, ಸ್ಟೇ ಅಂದ್ರೆ ಸ್ವಲ್ಪ ದಿನಕ್ಕೆ ಮಾತ್ರ ಅಂತ ಪುಸ್ತಕದಲ್ಲಿದೆ, ನಾನೂ ಮಕ್ಕಳಿಗೆ ಹಂಗೇ ಹೇಳ್ತೀನಿ, ಆದ್ರೆ ಸ್ಕಾಟ್ಲೆಂಡ್‌ನವ್ರೂ ನಮ್ಮ ಥರಾನೇ ಸ್ಟೇ ಅಂತಾರೆ ಅಂತ ಗೊತ್ತಾದ್ಮೇಲೆ ಕೆಂಪು ಪೆನ್ನಿನ ಜೋರು ಸ್ವಲ್ಪ ಕಮ್ಮಿ ಮಾಡಿದೀನಿ. ಒಬ್ಬ ಹುಡುಗ ಕೇಳಿದ, ಟ್ಯಾಗೋರ್ ಬೀಚಿನ ಟ್ಯಾಗೋರ್ ಕಾರವಾರದಲ್ಲಿ ಲಿವ್ಡಾ ಸ್ಟೇಡಾ ಅಂತ. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ರು, ತಮ್ಮ ಇಪ್ಪತ್ತೆರಡರ ಹುಡುಗ, ಅಣ್ಣನ ಮನೆಗೆ ಬಂದು ಇದ್ದು ಹೋದವ, ಹಂಗಾಗಿ ಸ್ಟೇಡ್ ಅನ್ಬೇಕು. ಆದ್ರೆ ಕೂತು ಒಂದು ನಾಟಕ ಬರೆದು, ಈ ಸಮುದ್ರ ಎಷ್ಟೋ ವರ್ಷ ಮರೀದೇ ಇದ್ದೋರಿಗೆ ಬರೀ ಸ್ಟೇಡ್ ಅನ್ನೋಕೆ ನಂಗೆ ಮನಸ್ಸು ಬರ್ಲಿಲ್ಲ. ಎರಡಕ್ಕೂ ಮಾರ್ಕ್ಸ್ ಕೊಟ್ಟೆ.

ತಮಾಷೆ ಅಲ್ಲದ ಕಡೆನೂ ಇದು ಬರ್ತದೆ. ನೌಕಾನೆಲೆಗೆ ಅರ್ಗಾ ಕಡೆ ಜಾಗ ಬಿಟ್ಟುಕೊಟ್ಟ ಮನೆಯ ಹುಡುಗಿಯೊಬ್ಬಳು ನನ್ನ ಹತ್ರ ಬರ್ತಾಳೆ, ಹುಟ್ಟಿದ್ದು ಪುನರ್ವಸತಿ ಕಾಲೊನೀಲೇ. ಎಲ್ಲಿ ಲಿವ್ ಮಾಡ್ತೀಯ ಅಂತ ಒಂದು ವಾಕ್ಯ ಬರಿ ಅಂದ್ರೆ ಎರಡು ಬರೀತಾಳೆ, ಇರೋದು ಕಾಲೊನಿ, ಊರು ಅರ್ಗಾ. ಅದನ್ನ ನಾನು ತಿದ್ದೋದಿಲ್ಲ. ಲೈವ್ಲಿಹುಡ್ ಅಂದ್ರೆ ಬದುಕಿನ ದಾರಿ ಅಂತ ಹಳೇ ಇಂಗ್ಲಿಷಲ್ಲಿತ್ತು, ನಾವು ಹೊಟ್ಟೆಪಾಡು ಅಂತೀವಿ. ಬದುಕೋ ಹಕ್ಕಿನಲ್ಲಿ ಹೊಟ್ಟೆಪಾಡೂ ಸೇರಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ, ಬಾಂಬೆಯ ಫುಟ್‌ಪಾತಲ್ಲಿ ಮಲಗೋರ ಕೇಸಲ್ಲಿ. ಕಡಲಂಚಿಂದ ಒಳಗೆ ಹೋದ ಮೀನುಗಾರರ ಮನೇಲಿ ಈ ಎರಡು ಶಬ್ದ ಬೇರೆ ಬೇರೆ ಅಂತ ಯಾರಿಗೂ ಹೇಳೋಕಾಗೋದಿಲ್ಲ.

ಮಾವ ಮಾರನೇ ದಿನ ಹೊರಟ. ದೇವಿಮನೆ ಘಟ್ಟ ಹತ್ತೋ ಬಸ್ಸು, ಕಿಟಕಿ ಸೀಟೇ ಆಗ್ಬೇಕು ಅವಂಗೆ. ಮುಂದಿನ ನವೆಂಬರಿಗೂ ಇಲ್ಲಿಗೇ ಬಾ ಮಾವ, ಆ ಹುಡುಗನ ಹತ್ರಾನೇ ಮಾಡ್ಸೋಣ ಅಂದೆ.

"ಬತ್ತಿ, ಇದ್ರೆ" ಅಂದ.

ನಂಗೆ ಒಂದ್ಸಲ ಧಸಕ್ ಅಂತು. "ಎಂತ ಮಾತು ಮಾವ ಅದು!"

"ಬಸ್ಸು ಮಾರಾಯ್ತಿ. ಬಸ್ಸು ಇದ್ರೆ."