ಡಾರ್ಲಿಂಗ್ಟನ್‌ನ ಹುಡುಗ ಕೀಪರ್

2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಬಲಕ್ಕೆ ಹಾರುತ್ತಲೇ ಎಡಗೈ ಎತ್ತಿ ಕೊಲಂಬಿಯಾದ ಬಾಕಾನ ಪೆನಾಲ್ಟಿ ತಡೆದ ಇಂಗ್ಲೆಂಡ್ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ನೆನಪಿದ್ದಾರಲ್ಲ? 2012ರ ಜನವರಿಯಲ್ಲಿ, 17ನೇ ವಯಸ್ಸಿಗೇ, ಅವರ ಕ್ಲಬ್ ಸಂಡರ್‌ಲೆಂಡ್ ಅವರನ್ನು ಇಂಗ್ಲೆಂಡಿನ ಐದನೇ ಹಂತದ ಲೀಗ್‌ನ ಡಾರ್ಲಿಂಗ್ಟನ್ ಕ್ಲಬ್‌ಗೆ ಲೋನ್ ಮೇಲೆ, ಅಂದರೆ ಕೆಲಕಾಲಕ್ಕೆ ಎರವಲಾಗಿ, ಕಳಿಸಿತ್ತು. ಡಾರ್ಲಿಂಗ್ಟನ್ ಆಗ ಮುಚ್ಚಿಹೋಗುವ ಅಂಚಿನಲ್ಲಿತ್ತು. ಸೀಸನ್ ಕೊನೆಗೆ ಜಾರಿದ್ದು ಒಂದು ಹಂತವಲ್ಲ, ಸೀದಾ ಒಂಬತ್ತನೇ ಹಂತಕ್ಕೆ.

ಅಂಥ ಲೀಗ್‌ನಲ್ಲಿ ಕೀಪರ್‌ಗೆ ನಿಜವಾದ ಪರೀಕ್ಷೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಎದುರಾಳಿ ಒದೆಯುವ ಚೆಂಡು. ಗೋಲಿನ ಮುಂದೆ ನುರಿತ ಗಟ್ಟಿ ಆಳುಗಳು ಭುಜ ಒತ್ತಿ ನಿಂತಿರುತ್ತಾರೆ. ಆ ನೂಕಾಟದಲ್ಲಿ ಹಿಡಿಯಲು ಹೋದರೆ ಚೆಂಡು ಕೈಜಾರಿ ಎದುರಾಳಿಯ ಕಾಲಿಗೆ ಬೀಳುತ್ತದೆ. ಎರಡೂ ಮುಷ್ಟಿ ಜೋಡಿಸಿ ಎತ್ತರಕ್ಕೆ, ಬದಿಗೆ ಗುದ್ದುವುದೇ ಸರಿ. ಚಳಿಗಾಲಕ್ಕೆ ಗೋಲಿನ ಎದುರಿನ ಹುಲ್ಲು ಸವೆದು ಕೆಸರಾಗಿ, ನೆಲಕ್ಕೆ ಬಿದ್ದ ಚೆಂಡು ಅಡ್ಡಾದಿಡ್ಡಿ ಪುಟಿಯುತ್ತದೆ. ಕೈಯ ಹಿಂದೆ ಮೈಯನ್ನೂ ಅಡ್ಡ ತರಲೇಬೇಕು. ದೊಡ್ಡ ಕ್ಲಬ್‌ನ ತರಬೇತಿ ಅಕಾಡೆಮಿಯ ನುಣುಪು ಮೈದಾನದಲ್ಲಿ ಇದು ಸಿಗುವ ಪಾಠವಲ್ಲ.